ಎಷ್ಟು ಕಲಕಿದರೆ ಸಾಕು?

ಕಳೆದ ಬೇಸಿಗೆಯಲ್ಲಿ ಅಂಕೋಲೆಯ ಸದ್ಭಕ್ತರೊಬ್ಬರ ಮನೆಯಲ್ಲಿ ಎರಡು ದಿನ ತಂಗುವ ಪ್ರಸಂಗವೊದಗಿತು. ವ್ಯಾಪಾರದ ನಿಮಿತ್ತ ಧಾರವಾಡ ಸೀಮೆಯಿಂದ ಘಟ್ಟವಿಳಿದು ಬಂದು ಮೂರು ತಲೆಮಾರುಗಳಿಂದ ಕರಾವಳಿಯಲ್ಲಿ ನೆಲೆನಿಂತ ಮನೆತನ ಅದು. ಮನೆಯ ಹಿಂಬದಿಗೆ ಚಿರೆಕಲ್ಲಿನ ಹೊಸ ಕೋಣೆಯೊಂದು ಏಳುತ್ತಿತ್ತು. ಸಾಯಂಕಾಲದ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಆ ಮನೆಯ ಹಿರಿಯ ತಾಯಿಯವರು ತಮ್ಮ ಮೊಮ್ಮಗಳನ್ನು ಕರೆತಂದು ನನ್ನೆದುರು ಕೂಡಿಸಿದರು. ಆಕೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಕ್ವಾಂಟಂ ಗಣಕಯಂತ್ರದ ಸಂಶೋಧನೆಗಾಗಿ ಬೆಂಗಳೂರಿಗೆ ಹೋಗಬೇಕೆಂಬುದು ಆಕೆಯ ಹಂಬಲ. ಮನೆಯವರಿಗೆ ಅದು ಒಪ್ಪಿಗೆಯಿಲ್ಲ. ಹಿರಿಯರೆಂದು ನಾನು ಎರಡು ಬುದ್ಧಿಮಾತು ಹೇಳಬೇಕಾಗಿತ್ತು.

“ಅಲ್ಲಿ ಏನನ್ನು ಅಭ್ಯಾಸ ಮಾಡುವಿ, ತಂಗೀ?” ಎಂದು ಕೇಳಿದೆ.

“ಕಲಕುವುದನ್ನು, ಅಜ್ಜಾವರೇ. ಕಡಿಮೆ ಶ್ರಮದಲ್ಲಿ ಚೆನ್ನಾಗಿ ಕಲಕುವುದು ಹೇಗೆ ಎಂಬುದನ್ನು” ಎಂದಳು.

ಹಿರಿಯ ತಾಯಿಯವರು ಸುಮ್ಮನಿರಲಿಲ್ಲ. “ಕಲಸೂದು ಕಲಿಯಾಕ ಬೆಂಗಳೂರಿಗ್ಯಾಕ ಹೋಗಬೇಕ್ರೀ? ಅಡಿಗಿಮನ್ಯಾಗ ನಾನ ಕಲಸ್ತಿದ್ದಿಲ್ಲೇನ?” ಎಂದರು. ಮನೆಮಂದಿಯೆಲ್ಲ ನಕ್ಕರು. ನನಗೆ ಮಾತ್ರ ನಗೆ ಬರಲಿಲ್ಲ. ಐವತ್ತು ವರುಷಗಳಿಗೂ ಹಿಂದಿನ ಒಂದು ತಂಬಿಗೆ ಕಣ್ಣ ಮುಂದೆ ಬಂದು ನಿಂತಿತು.

ತಂಬಿಗೆಯೊಳಗಿನ ಚೀಟಿಗಳು

ಬಾಲ್ಯದಲ್ಲಿ ನಾನು ಉಚಿತ ಪ್ರಸಾದನಿಲಯವೊಂದರ ಪ್ರವೇಶಕ್ಕೆ ಹೋಗಿದ್ದೆ. ಸ್ಥಳಗಳು ಕೆಲವೇ, ಬಂದ ಹುಡುಗರು ಬಹಳ. ಚೀಟಿ ಎತ್ತಿ ಆರಿಸುವುದೆಂದು ನಿರ್ಣಯವಾಯಿತು. ಗುಮಾಸ್ತರು ದಫ್ತರಿನ ಕ್ರಮದಲ್ಲಿಯೇ ಹೆಸರುಗಳನ್ನು ಬರೆದು, ಮಡಿಚಿ, ಒಂದೊಂದಾಗಿ ತಂಬಿಗೆಯೊಳಗೆ ಹಾಕಿದರು; ಕೈಯಾಡಿಸಿ ಒಂದೆರಡು ಸುತ್ತು ತಿರುಗಿಸಿದರು; ಚಿಕ್ಕ ಮಗುವೊಂದರ ಕೈಯಿಂದ ಎತ್ತಿಸಿದರು. ಹೊರಬಂದ ಹೆಸರುಗಳಲ್ಲಿ ಹೆಚ್ಚಿನವು ದಫ್ತರಿನ ಕೊನೆಯವು. ತಡವಾಗಿ ಬಂದ ನನ್ನ ಹೆಸರು ಅವುಗಳಲ್ಲೊಂದು. ಎಲ್ಲರಿಗಿಂತ ಮುಂಚೆ ಬಂದು ಹೆಸರು ಬರೆಸಿದ ನನ್ನ ಗೆಳೆಯನ ಚೀಟಿ ತಳದಲ್ಲಿಯೇ ಉಳಿಯಿತು. ಆತ ಊರಿಗೆ ಮರಳಿ ದನ ಕಾಯುವ ಕೆಲಸಕ್ಕೆ ನಿಂತನು. ಮತ್ತೆ ಶಾಲೆಯ ಮುಖ ಕಾಣಲಿಲ್ಲ.

ಅಲ್ಲಿ ಯಾರೂ ಮೋಸಮಾಡಲಿಲ್ಲ. ಆದರೆ ಯಾರೂ ಸಾಕಷ್ಟು ಕಲಕಲಿಲ್ಲ. ನಾನು ಕಲಿತ ನಾಲ್ಕಕ್ಷರದ ಬುಡದಲ್ಲಿ ಸರಿಯಾಗಿ ಕಲಕದ ಆ ತಂಬಿಗೆಯಿದೆ ಎಂಬ ಅಳುಕು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇದೇ ತಪ್ಪು ದೊಡ್ಡ ರಾಷ್ಟ್ರವೊಂದರಲ್ಲಿ ಪ್ರಾಣಗಳ ಪ್ರಶ್ನೆಯಾದುದುಂಟು. ವಿಯೆಟ್ನಾಂ ಯುದ್ಧಕ್ಕೆ ತರುಣರನ್ನು ಕರೆಯಲು ಅಮೇರಿಕೆಯಲ್ಲಿ ೧೯೬೯ರ ಡಿಸೆಂಬರ್ ೧ರಂದು ಚೀಟಿ ಎತ್ತಿದರು. ವರುಷದ ೩೬೬ ಜನ್ಮದಿನಗಳನ್ನು ಅಷ್ಟೇ ಗುಳಿಗೆಗಳಲ್ಲಿಟ್ಟು, ಜನವರಿಯಿಂದ ಆರಂಭಿಸಿ ತಿಂಗಳ ಕ್ರಮದಲ್ಲಿ ಪೆಟ್ಟಿಗೆಗೆ ಹಾಕಿದ್ದರು. ಕಲಕಿದ್ದು ಸಾಲಲಿಲ್ಲ. ಮೊದಲು ಬಂದ ದಿನಾಂಕದವರಿಗೆ ಮೊದಲ ಕರೆ. ಸರಿಯಾಗಿ ಬೆರೆತಿದ್ದರೆ ಪ್ರತಿ ತಿಂಗಳ ಸರಾಸರಿ ಕ್ರಮಸಂಖ್ಯೆ ೧೮೩ರ ಆಸುಪಾಸಿನಲ್ಲಿರಬೇಕಾಗಿತ್ತು. ಜನವರಿಯದು ೨೦೧ ಬಂದಿತು. ಡಿಸೆಂಬರಿನದು ೧೨೧ಕ್ಕೆ ಇಳಿಯಿತು. ವರುಷದ ಕೊನೆಗೆ ಹುಟ್ಟಿದ ಮಕ್ಕಳು ಹೆಚ್ಚಾಗಿ ಯುದ್ಧದ ಪಾಲಾಗುವಂತಾಯಿತು.

ಕಲಕುವುದು ಬರಿಯ ಅಡಿಗೆಮನೆಯ ಮಾತಲ್ಲವೆಂಬುದು ಇಷ್ಟರಿಂದ ವಿದಿತವಾಗುವುದು. ಹಾಗಾದರೆ ಎಷ್ಟು ಕಲಕಿದರೆ ಸಾಕು? ಇದಕ್ಕೆ ಗಣಿತಜ್ಞರು ಉತ್ತರ ಕೊಟ್ಟಿದ್ದಾರೆ. ಇಸ್ಪೀಟು ನಮ್ಮ ಮನೆಗಳಲ್ಲಿ ಪ್ರಶಸ್ತವಲ್ಲವಾದರೂ ದೃಷ್ಟಾಂತಕ್ಕಾಗಿ ವಾಚಕರು ಮನ್ನಿಸಬೇಕು. ೫೨ ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ ೬೮ ಅಂಕಿಗಳಷ್ಟು ಉದ್ದವಾದುದು. ಆದರೂ ಕಟ್ಟನ್ನು ಎರಡು ಪಾಲುಮಾಡಿ ಒಂದರೊಳಗೊಂದು ಹೆಣೆಯುವ ಕ್ರಿಯೆಯನ್ನು ಸುಮಾರು ಏಳು ಸಲ ಮಾಡಿದರೆ ಸಾಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ವಿದ್ವಾಂಸರು ೧೯೯೨ರಲ್ಲಿ ತೋರಿಸಿಕೊಟ್ಟರು. ಮೂರು ನಾಲ್ಕು ಸಲ ಸಾಲದು. ಸರಿಯಾಗಿ ಕಲಕಿದರೆ ಸ್ವಲ್ಪ ಶ್ರಮವೇ ಅಪಾರವಾದ ಕೆಲಸವನ್ನು ಮಾಡುತ್ತದೆ.

ಕೈಗಾದ ಕಣಗಳು

ಕಾರವಾರ ತಾಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ, ತಲಾ ೨೨೦ ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿರುವುದು ಆ ಭಾಗದವರಿಗೆ ತಿಳಿದ ಸಂಗತಿ. ಮೊದಲೆರಡು ೨೦೦೦ನೆಯ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಇಂಥ ಘಟಕದೊಳಗೆ ನ್ಯೂಟ್ರಾನ್ ಎಂಬ ಸೂಕ್ಷ್ಮಕಣವು ಒಂದು ಪರಮಾಣುವಿಗೆ ತಾಗಿ ದಿಕ್ಕು ಬದಲಿಸೀತು, ಇನ್ನೊಂದರಲ್ಲಿ ಅಡಗೀತು, ಮತ್ತೊಂದನ್ನು ಸೀಳೀತು. ಒಂದು ಕಣ ಏನು ಮಾಡುವುದೆಂದು ಮುಂಗಂಡು ಹೇಳಲು ಯಾರಿಗೂ ಸಾಧ್ಯವಿಲ್ಲ. ಕೋಟ್ಯಂತರ ಕಣಗಳ ಒಟ್ಟು ನಡತೆಯನ್ನು ಮಾತ್ರ ಲೆಕ್ಕಹಾಕಬಹುದು. ಅದಕ್ಕಾಗಿ ಗಣಕಯಂತ್ರದಲ್ಲಿ ಕಲ್ಪಿತ ಕಣವೊಂದನ್ನು ನಡೆಸಿ, ಪ್ರತಿ ತಿರುವಿನಲ್ಲಿಯೂ ಚೀಟಿ ಎತ್ತಿದಂತೆ ಅದರ ಗತಿಯನ್ನು ನಿರ್ಣಯಿಸುವ ವಿಧಾನವನ್ನು ೧೯೪೦ರ ದಶಕದಲ್ಲಿ ಉಲಾಮ್ ಮತ್ತು ವಾನ್ ನಾಯ್ಮನ್ ಎಂಬ ವಿಜ್ಞಾನಿಗಳು ರೂಪಿಸಿದರು. ಜೂಜಿನ ಪಟ್ಟಣವಾದ ಮಾಂಟೆ ಕಾರ್ಲೋದ ಹೆಸರು ಅದಕ್ಕೆ ನಿಂತಿತು. ಪರಮಾಣು ಸ್ಥಾವರಗಳ ಲೆಕ್ಕದಲ್ಲಿ ಜಗತ್ತಿನಾದ್ಯಂತ ಅದು ಬಳಕೆಯಲ್ಲಿದೆ.

ಆದರೆ ಅಷ್ಟು ಚೀಟಿಗಳನ್ನು ಎತ್ತುವವರು ಯಾರು? ಆದುದರಿಂದ ಚೀಟಿ ಎತ್ತಿದಂತೆ ಕಾಣುವ ಅಂಕಿಗಳನ್ನು ಲೆಕ್ಕದಿಂದಲೇ ಹುಟ್ಟಿಸಲು ತೊಡಗಿದರು. ವಾನ್ ನಾಯ್ಮನ್ನರ ಉಪಾಯ ಬಲು ಸರಳ. ನಾಲ್ಕಂಕಿಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದ ಎಂಟಂಕಿಯಲ್ಲಿ ನಡುವಿನ ನಾಲ್ಕನ್ನು ತೆಗೆದುಕೊಳ್ಳಬೇಕು. ೫೨೨೭ರ ವರ್ಗ ೨೭೩೨೧೫೨೯, ನಡುವಿನದು ೩೨೧೫. ಅದರಿಂದ ಮುಂದಿನದು. ನೋಡಲು ಅಂಕಿಗಳು ಚೆಲ್ಲಾಪಿಲ್ಲಿಯಾಗಿಯೇ ಬರುತ್ತವೆ. ಆದರೆ ೩೭೯೨ ಬಂದಾಗ ಗುಟ್ಟು ರಟ್ಟಾಗುತ್ತದೆ. ಅದರ ವರ್ಗ ೧೪೩೭೯೨೬೪. ನಡುವಿನದು ಮತ್ತೆ ೩೭೯೨! ಯಂತ್ರವು ಗಾಣದ ಎತ್ತಿನಂತೆ ಅಲ್ಲಿಯೇ ಸುತ್ತುತ್ತದೆ.

ಯಾದೃಚ್ಛಿಕ, ಎಂದರೆ ಯಾವ ನಿಯಮಕ್ಕೂ ಸಿಕ್ಕದೆ ತನ್ನಷ್ಟಕ್ಕೆ ಒದಗುವುದು, ಒಂದು. ಯಾದೃಚ್ಛಿಕದಂತೆ ತೋರುವುದು ಮತ್ತೊಂದು. ಎರಡನೆಯದು ಅಗ್ಗ. ಆದರೆ ಎಷ್ಟು ಪರೀಕ್ಷೆಯನ್ನು ಅದು ತಾಳಬಲ್ಲುದು ಎಂಬುದನ್ನು ಅರಿತೇ ಬಳಸಬೇಕು.

ಕ್ವಾಂಟಂ ಗಣಕದ ಬಿಕ್ಕಟ್ಟು

ಸಾಮಾನ್ಯ ಗಣಕದಲ್ಲಿ ಎಲ್ಲವೂ ೦ ಮತ್ತು ೧ ಎಂಬ ಎರಡು ಸ್ಥಿತಿಗಳಿಂದಾದುದು. ಕ್ವಾಂಟಂ ಗಣಕದ ಮೂಲಘಟಕವಾದ ಕ್ಯೂಬಿಟ್ಟಿನ ಸ್ಥಿತಿಯನ್ನಾದರೋ ಒಂದು ಗೋಳದ ಮೇಲಿನ ಬಿಂದುವೆಂದು ಭಾವಿಸಬಹುದು. ಉತ್ತರಧ್ರುವ ೦, ದಕ್ಷಿಣಧ್ರುವ ೧. ನಡುವಿನ ಯಾವ ಬಿಂದುವಾದರೂ ಆಗಬಹುದು. ಅದರ ಮೇಲೆ ನಡೆಸುವ ಕ್ರಿಯೆಯೆಂದರೆ ಆ ಗೋಳವನ್ನು ತಿರುಗಿಸುವುದು. ಯಾವ ದಿಕ್ಕಿಗೂ ಪಕ್ಷಪಾತವಿಲ್ಲದಂತೆ ತಿರುಗಿಸುವುದೇ ಯಾದೃಚ್ಛಿಕ ಕ್ರಿಯೆ.

ಒಂದು ಕ್ಯೂಬಿಟ್ಟಿನ ತಿರುಗನ್ನು ಹೇಳಲು ೩ ಅಳತೆಗಳು ಸಾಕು. ಎರಡಕ್ಕೆ ೧೫, ಮೂರಕ್ಕೆ ೬೩ ಬೇಕು. ಹತ್ತು ಕ್ಯೂಬಿಟ್ಟುಗಳಿಗೆ ೧೦,೪೮,೫೭೫. ಇಪ್ಪತ್ತೈದಕ್ಕೆ ಸುಮಾರು ೧,೧೨೬ ಲಕ್ಷ ಕೋಟಿ! ಇಷ್ಟು ಅಳತೆಗಳನ್ನು ಆರಿಸಿ, ಅದರಂತೆ ಯಂತ್ರವನ್ನು ನಡೆಸುವುದು ಮನುಷ್ಯಮಾತ್ರರಿಂದ ಆಗದ ಮಾತು.

ಹಾಗಿದ್ದರೂ ಈ ಕ್ರಿಯೆಗಳು ಬೇಕೇ ಬೇಕು. ಏಕೆ? ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಲು. ಮೊದಲೇ ಗೊತ್ತಾದ ಪ್ರಶ್ನೆಗೆ ಉತ್ತರ ಬರೆದ ವಿದ್ಯಾರ್ಥಿಯ ಜ್ಞಾನವನ್ನು ಅಳೆಯಲಾಗದು. ಹಾಗೆಯೇ ಗೊತ್ತಾದ ಒಂದೇ ಕ್ರಿಯೆಯಿಂದ ಯಂತ್ರದ ದೋಷವೆಲ್ಲ ಕಾಣದು. ಅನೇಕ ಯಾದೃಚ್ಛಿಕ ಕ್ರಿಯೆಗಳನ್ನು ಒಂದರ ಮೇಲೊಂದು ನಡೆಸಿ, ಕೊನೆಗೆ ಅವೆಲ್ಲವನ್ನೂ ಒಮ್ಮೆಲೇ ಬಿಚ್ಚುವ ಕ್ರಿಯೆಯೊಂದನ್ನು ಮಾಡಬೇಕು. ದೋಷವಿಲ್ಲದ ಯಂತ್ರ ಹೊರಟ ಸ್ಥಿತಿಗೆ ಮರಳುತ್ತದೆ. ದೋಷವಿದ್ದರೆ ಸರಪಳಿ ಉದ್ದವಾದಂತೆ ಮರಳುವುದು ಕಡಿಮೆಯಾಗುತ್ತದೆ. ಆ ಇಳಿಕೆಯ ವೇಗದಿಂದ ಪ್ರತಿ ಕ್ರಿಯೆಯ ಸರಾಸರಿ ದೋಷ ತಿಳಿಯುತ್ತದೆ. ಗುಟ್ಟಿನ ಸಂದೇಶಗಳನ್ನು ಮರೆಮಾಡುವುದಕ್ಕೂ ಇಂಥ ಕ್ರಿಯೆಗಳ ಉಪಯೋಗವುಂಟು.

ಬೇಕಾದುದು ಅಸಾಧ್ಯ, ಬಿಡುವಂತೆಯೂ ಇಲ್ಲ. ಈ ಬಿಕ್ಕಟ್ಟಿನಿಂದ ಪಾರಾಗುವ ದಾರಿಯ ಮೂಲವನ್ನು ಹುಡುಕುತ್ತ ಹೋದರೆ ಅಂಕೋಲೆಯಿಂದ ಅರಬೈಲು ಘಟ್ಟವೇರಿ, ಹುಬ್ಬಳ್ಳಿ ಗದಗುಗಳನ್ನು ದಾಟಿ, ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯನ್ನು ಮುಟ್ಟಬೇಕಾಗುತ್ತದೆ.

ಹಡಗಲಿಯಲ್ಲಿ ಹುಟ್ಟಿದ ಗಣಿತ

ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ೧೯೨೦ರ ಸೆಪ್ಟೆಂಬರ್ ೧೦ರಂದು ಹೂವಿನ ಹಡಗಲಿಯ ತೆಲುಗು ಮನೆಯೊಂದರಲ್ಲಿ ಜನಿಸಿದರು. ಎಂಟನೆಯ ಕೂಸಾದ್ದರಿಂದ ಕೃಷ್ಣನ ಹೆಸರು ಸೇರಿಸಿ ರಾಧಾಕೃಷ್ಣನೆಂದು ಕರೆದರು. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದಾಗ, ಇಪ್ಪತ್ತೇಳು ತುಂಬುವುದರೊಳಗೆ, ೧೯೪೬-೪೭ರಲ್ಲಿ ಅವರು ‘ಲಂಬ ಸರಣಿ’ ಎನ್ನಬಹುದಾದ ಒಂದು ಬಗೆಯ ಕೋಷ್ಟಕಗಳನ್ನು ರೂಪಿಸಿದರು. ೨೦೦೧ರಲ್ಲಿ ಪದ್ಮವಿಭೂಷಣ, ೨೦೨೩ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದವು. ಅದೇ ವರುಷ ಆಗಸ್ಟ್ ೨೨ರಂದು, ೧೦೨ನೆಯ ವಯಸ್ಸಿನಲ್ಲಿ, ಅಮೇರಿಕೆಯಲ್ಲಿ ಅವರು ಕಾಲವಶರಾದರು.

ಅವರ ಕೋಷ್ಟಕಗಳಲ್ಲಿ ಅತಿ ಚಿಕ್ಕದನ್ನು ಆ ಸಂಜೆ ಮೊಮ್ಮಗಳು ಕಾಗದದ ಮೇಲೆ ಬರೆದು ತೋರಿಸಿದಳು:

೦ ೦ ೦
೦ ೧ ೧
೧ ೦ ೧
೧ ೧ ೦

ಮೂರು ನಾಣ್ಯಗಳನ್ನು ಚಿಮ್ಮಿದರೆ ಎಂಟು ಬಗೆಯ ಫಲಗಳು ಬರಬಹುದು. ಇಲ್ಲಿರುವುದು ನಾಲ್ಕೇ ಸಾಲು. ಈಗ ಯಾವುದಾದರೂ ಒಂದು ಕಂಬಸಾಲನ್ನು ಬೆರಳಿನಿಂದ ಮುಚ್ಚಿರಿ. ಉಳಿದೆರಡರಲ್ಲಿ ೦೦, ೦೧, ೧೦, ೧೧ ಈ ನಾಲ್ಕೂ ಜೋಡಿಗಳು ಒಂದೊಂದು ಸಲ ಬಂದಿರುತ್ತವೆ. ಎರಡನ್ನು ಮಾತ್ರ ನೋಡಬಲ್ಲ ಪರೀಕ್ಷಕನಿಗೆ ಇದು ನಿಜವಾದ ನಾಣ್ಯದಾಟದಿಂದ ಕೂದಲೆಳೆಯಷ್ಟೂ ಭಿನ್ನವಲ್ಲ. ಬೆರಳೆತ್ತಿ ಮೂರನ್ನೂ ನೋಡಿದವನಿಗೆ ಗುಟ್ಟು ತಿಳಿಯುತ್ತದೆ: ಯಾವ ಸಾಲಿನಲ್ಲಿಯೂ ೧ರ ಎಣಿಕೆ ಬೆಸವಾಗುವುದೇ ಇಲ್ಲ. ಇಂಥ ಕೋಷ್ಟಕದ ‘ಬಲ’ ಎರಡು ಎನ್ನುತ್ತಾರೆ.

ಇದರ ಉಪಯೋಗವನ್ನು ಒಕ್ಕಲುತನದ ಮನೆಗಳು ಸುಲಭವಾಗಿ ತಿಳಿಯಬಲ್ಲವು. ಬೀಜ ಎರಡು ಬಗೆ, ಗೊಬ್ಬರ ಎರಡು ಬಗೆ, ನೀರು ಎರಡು ಬಗೆಯಿದ್ದರೆ ಎಂಟು ಮಡಿಗಳಲ್ಲಿ ಬೆಳೆದು ನೋಡಬೇಕು. ಒಂದೊಂದರ ಸ್ವತಂತ್ರ ಗುಣವನ್ನಷ್ಟೇ ಅರಿಯಬೇಕಾದರೆ ಈ ಕೋಷ್ಟಕದಂತೆ ನಾಲ್ಕೇ ಮಡಿಗಳು ಸಾಕು. ಮುಂದೆ ಜಪಾನಿನ ತಗುಚಿಯವರು ಇಂಥ ಸರಣಿಗಳನ್ನೇ ಕಾರಖಾನೆಗಳ ಗುಣಮಟ್ಟ ಸುಧಾರಿಸಲು ಬಳಸಿದರು.

ಎಲ್ಲ ಕಡೆಯಿಂದಲೂ ಯಾದೃಚ್ಛಿಕವಾಗಿರಬೇಕಿಲ್ಲ. ಪರೀಕ್ಷಕನು ಎಷ್ಟು ನೋಡಬಲ್ಲನೋ ಅಷ್ಟರಮಟ್ಟಿಗೆ ಇದ್ದರೆ ಸಾಕು ಎಂಬುದೇ ಇದರ ಸಾರ. ಈ ವಿಚಾರವನ್ನೇ ವಿಜ್ಞಾನಿಗಳು ಕ್ವಾಂಟಂ ಲೋಕಕ್ಕೆ ಕೊಂಡೊಯ್ದು ‘ಯೂನಿಟರಿ ಡಿಸೈನ್’ ಎಂದು ಕರೆದರು.

ಸಾವಿರದಷ್ಟು ನಾಣ್ಯಗಳು

ಅನಂತವಾದ ಕ್ವಾಂಟಂ ಕ್ರಿಯೆಗಳ ನಡುವೆ ಕ್ಲಿಫರ್ಡ್ ಸಮೂಹವೆಂಬ ಒಂದು ಪರಿಮಿತ ಕೂಟವಿದೆ. ಮೂರು ಬಗೆಯ ಸರಳ ಕ್ರಿಯೆಗಳನ್ನೇ ಮರಳಿ ಮರಳಿ ಮಾಡಿ ಅದನ್ನೆಲ್ಲ ಕಟ್ಟಬಹುದು. ೨೫ ಕ್ಯೂಬಿಟ್ಟುಗಳಿಗೆ ಅದರಿಂದ ಒಂದು ಕ್ರಿಯೆಯನ್ನು ಪಕ್ಷಪಾತವಿಲ್ಲದೆ ಆರಿಸಲು ಸುಮಾರು ೧,೩೨೫ ಸಲ ನಾಣ್ಯ ಚಿಮ್ಮಿದರೆ ಸಾಕು. ೧,೧೨೬ ಲಕ್ಷ ಕೋಟಿ ಎಲ್ಲಿ, ೧,೩೨೫ ಎಲ್ಲಿ! ಹೀಗೆ ಆರಿಸಿದ ಕ್ರಿಯೆಯನ್ನು ಮೂರು ಸಲದವರೆಗೆ ಬಳಸಿ ನೋಡುವ ಪರೀಕ್ಷಕನಿಗೆ ಅದು ನಿಜವಾದ ಯಾದೃಚ್ಛಿಕ ಕ್ರಿಯೆಯಂತೆಯೇ ಕಾಣುತ್ತದೆಂದು ೨೦೧೫ರ ಸುಮಾರಿಗೆ ಸಿದ್ಧವಾಯಿತು. ನಾಲ್ಕು ಸಲದ ಲೆಕ್ಕಕ್ಕೆ ಬಂದರೆ ಭೇದ ಹೊರಬೀಳುತ್ತದೆ. ಯಂತ್ರದ ಸರಾಸರಿ ದೋಷ ಅಳೆಯಲು ಎರಡರ ಬಲವೇ ಸಾಕಾದ್ದರಿಂದ ಲೋಕದ ಪ್ರಯೋಗಶಾಲೆಗಳು ಈ ಸಮೂಹವನ್ನು ನೆಚ್ಚಿಕೊಂಡಿವೆ.

ಗುಟ್ಟು ಕಾಯುವ ಕೆಲಸಕ್ಕೆ ಇದು ಸಾಲದು. ಅಲ್ಲಿ ಪರೀಕ್ಷಕನು ಮೂರೇ ಸಲ ನೋಡಿ ಎದ್ದುಹೋಗುವ ಸಜ್ಜನನಲ್ಲ. ಎಷ್ಟು ಸಲ ನೋಡಿದರೂ, ಕೈಗೂಡುವ ಕಾಲದೊಳಗೆ ಗುರುತು ಹಿಡಿಯಲಾಗದ ಕ್ರಿಯೆಗಳು ಬೇಕು. ೨೦೧೮ರಲ್ಲಿ ಜಿ, ಲಿಯು ಮತ್ತು ಸಾಂಗ್ ಎಂಬವರು ಅಂಥವುಗಳ ಲಕ್ಷಣವನ್ನು ಹೇಳಿದರು. ೨೦೨೪ರಲ್ಲಿ ಫರ್ಮಿ ಮಾ ಮತ್ತು ಸಿನ್-ಯುವಾನ್ ಹುವಾಂಗ್ ಅವುಗಳನ್ನು ಕಟ್ಟಬಹುದೆಂದು ಸಾಧಿಸಿದರು. ಆ ಸಾಧನೆಗೂ ಒಂದು ಆಧಾರವಾಕ್ಯವಿದೆ: ಮುಂದಕ್ಕೆ ಮಾಡಲು ಸುಲಭವಾಗಿ, ಹಿಂದಕ್ಕೆ ಬಿಡಿಸಲು ಕ್ವಾಂಟಂ ಗಣಕಕ್ಕೂ ಕಷ್ಟವಾದ ಲೆಕ್ಕಗಳು ಇರಬೇಕು. ಇವೆಯೆಂದು ವಿದ್ವಾಂಸರು ನಂಬುತ್ತಾರೆ; ಪ್ರಮಾಣ ದೊರೆತಿಲ್ಲ.

ಚಿರೆಕಲ್ಲಿನ ಗೋಡೆ

ಇನ್ನೊಂದು ತೊಡಕು ಉಳಿದಿತ್ತು. ಒಂದು ಸಾಲಿನಲ್ಲಿರುವ ಕ್ಯೂಬಿಟ್ಟುಗಳಲ್ಲಿ ನೆರೆಹೊರೆಯವುಗಳನ್ನು ಮಾತ್ರ ಬೆರೆಸಬಹುದಾಗಿದ್ದರೆ, ಈ ತುದಿಯ ಬೆರಕೆ ಆ ತುದಿಯನ್ನು ಮುಟ್ಟಲು ಬಹಳ ಹೊತ್ತು ಬೇಕು. ಸಾಲು ಉದ್ದವಾದಂತೆ ಕಾಲವೂ ಅಷ್ಟೇ ಉದ್ದವಾಗಬೇಕೆಂದು ಎಲ್ಲರ ಎಣಿಕೆ. ಕ್ವಾಂಟಂ ಸ್ಥಿತಿಯಾದರೋ ಬಹುಬೇಗ ಕೆಡುವಂಥದು. ಅಷ್ಟು ಹೊತ್ತು ಕಾಯುವಂತಿಲ್ಲ.

೨೦೨೪ರಲ್ಲಿ ಶುಸ್ಟರ್, ಹಾಫರ್‌ಕಾಂಪ್ ಮತ್ತು ಹುವಾಂಗ್ ಎಂಬ ಮೂವರು ಈ ಎಣಿಕೆಯನ್ನು ತಲೆಕೆಳಗು ಮಾಡಿದರು. ೨೦೨೫ರಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ಉಪಾಯವನ್ನು ತಿಳಿಸಲು ಮೊಮ್ಮಗಳು ನನ್ನನ್ನು ಹಿತ್ತಲಿಗೆ ಕರೆದೊಯ್ದು ಏಳುತ್ತಿದ್ದ ಗೋಡೆಯನ್ನು ತೋರಿಸಿದಳು. ಕೆಳಸಾಲಿನ ಎರಡು ಚಿರೆಕಲ್ಲುಗಳ ಸಂದಿನ ಮೇಲೆ ಮೇಲುಸಾಲಿನ ಕಲ್ಲಿನ ನಡುಭಾಗ ಬರುವಂತೆ ಮೇಸ್ತ್ರಿ ಕಟ್ಟುತ್ತಿದ್ದನು. ಸಂದಿನ ಮೇಲೆ ಸಂದು ಬಂದರೆ ಗೋಡೆ ಬಿರಿಯುತ್ತದೆ. ಹೀಗೆ ಕಟ್ಟಿದರೆ ಬಿಡಿಕಲ್ಲುಗಳೆಲ್ಲ ಒಂದೇ ಬಂಡೆಯಂತೆ ನಿಲ್ಲುತ್ತವೆ.

“ಹಾಗೆಯೇ, ಅಜ್ಜಾವರೇ. ಕ್ಯೂಬಿಟ್ಟುಗಳನ್ನು ಚಿಕ್ಕ ಚಿಕ್ಕ ಗುಂಪು ಮಾಡಿ ಒಂದೊಂದು ಗುಂಪನ್ನೂ ತನ್ನೊಳಗೆ ಚೆನ್ನಾಗಿ ಕಲಕುವುದು. ಆಮೇಲೆ ಅರ್ಧ ಗುಂಪಿನಷ್ಟು ಸರಿದು, ಸಂದುಗಳ ಮೇಲೆ ಬರುವಂತೆ ಇನ್ನೊಮ್ಮೆ ಕಲಕುವುದು. ಎರಡೇ ಸಾಲು. ಇಡೀ ಸಾಲನ್ನೇ ಕಲಕಿದ್ದಾರೆಯೋ ಎಂಬಂತೆ ಕಾಣುತ್ತದೆ.” ಸಾಲು ಇಮ್ಮಡಿಯಾದರೂ ಗುಂಪು ಚೂರು ಮಾತ್ರ ದೊಡ್ಡದಾಗಬೇಕಂತೆ.

“ಇದಕ್ಕೆ ಮಿತಿಯಿಲ್ಲವೇನು?” ಎಂದೆ.

“ಇದೆ. ಕ್ರಿಯೆಯನ್ನು ಹಿಂದುಮುಂದಾಗಿಯೂ ನಡೆಸಬಲ್ಲ ಪರೀಕ್ಷಕನಿದ್ದರೆ, ಬೆರಕೆ ದೂರ ಹೋಗಿಲ್ಲವೆಂದು ಕಂಡುಹಿಡಿಯುತ್ತಾನೆ. ಅದನ್ನು ಮೊದಲೇ ಹೇಳಿಬಿಡಬೇಕು.”

ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ನನ್ನ ಗೆಳೆಯನ ಚೀಟಿ ತಳದಲ್ಲಿ ಉಳಿದ ದಿನ, ಎಷ್ಟು ಕಲಕಿದ್ದೇವೆ, ಅಷ್ಟು ಸಾಕೇ ಎಂದು ಕೇಳಿದವರಾಗಲಿ ಹೇಳಿದವರಾಗಲಿ ಒಬ್ಬರೂ ಇರಲಿಲ್ಲ. ಮಗುವಿನ ಕೈಯಿಂದ ಎತ್ತಿಸಿದ್ದೇವೆ, ಇನ್ನೇನು ಬೇಕು ಎಂದು ಎಲ್ಲರೂ ಸಮಾಧಾನಪಟ್ಟರು. ಎತ್ತುವ ಕೈ ಎಷ್ಟು ನಿರ್ಮಲವಾಗಿದ್ದರೂ ಕಲಕದ ತಂಬಿಗೆಯಿಂದ ನ್ಯಾಯ ಹೊರಬರದು.

ನಮ್ಮ ಕೇಂದ್ರ ಸರಕಾರವು ೨೦೨೩ರ ಏಪ್ರಿಲ್ ೧೯ರಂದು ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ೬,೦೦೩.೬೫ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದರಲ್ಲಿ ಕ್ವಾಂಟಂ ಗಣಕದ ಕೇಂದ್ರಸ್ಥಾನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ನಾವು ನೀವು ತೆತ್ತ ತೆರಿಗೆಯಿಂದ ಯಂತ್ರಗಳು ಏಳುತ್ತವೆ. ಅವು ಸರಿಯಾಗಿವೆಯೇ ಎಂದು ಪಕ್ಷಪಾತವಿಲ್ಲದೆ ಪರೀಕ್ಷಿಸಬಲ್ಲವರು, ಪರೀಕ್ಷೆಯ ಮಿತಿಯನ್ನು ಅಳುಕದೆ ಹೇಳಬಲ್ಲವರು ನಮ್ಮ ಮನೆಗಳಿಂದಲೂ ಹೊರಡಬೇಡವೇ?

ಮರುದಿನ ಹೊರಡುವ ಮುನ್ನ ಹಿರಿಯ ತಾಯಿಯವರಿಗೆ ಪ್ರಸಾದನಿಲಯದ ಚೀಟಿಯ ಕಥೆಯನ್ನು ಹೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಆ ಹುಡುಗ ಈಗೆಲ್ಲಿದ್ದಾನ್ರೀ?” ಎಂದು ಕೇಳಿದರು. ಆತನು ತೀರಿಕೊಂಡು ಬಹಳ ವರುಷಗಳಾದುವೆಂದೆ. ಅವರು ಮೊಮ್ಮಗಳ ಕಡೆ ತಿರುಗಿ, “ಹೋಗಿ ಬಾರವ್ವಾ. ಚಂದಂಗ ಕಲಿ” ಎಂದರು.